ಸೂರಿನಲ್ಲಿ ಇಷಾಪುರದ ಕೋವಿ

ಆ ಗುರುವಾರ ಬೆಳಿಗ್ಗೆ ಒಮಾನ್ ದೇಶದ ಸೂರ್ ಎಂಬ ಬಂದರಿನ ಆಕಾಶದಲ್ಲಿ ಮೋಡ ಕಟ್ಟಿತ್ತು. ನಮ್ಮ ಕಡೆಯವರು ಮೋಡ ಕಂಡರೆ ಕೊಡೆ ಹುಡುಕುತ್ತಾರೆ. ಆ ಊರಿನವರು ಬಾಗಿಲು ತೆರೆದು ಹೊರಗೆ ಬಂದು ನಿಲ್ಲುತ್ತಾರೆ. ನಮಾಜು ಮುಗಿಸಿ ಬಂದ ಮುದುಕರು ಅಳಿವೆಯ ದಂಡೆಯಲ್ಲಿ ಮುಖ ಮೇಲೆತ್ತಿಕೊಂಡು ನಿಂತಿದ್ದರು. ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ಎಲ್ಲೋ ಬೆಟ್ಟದ ಆಚೆ ಬಿದ್ದ ಮಳೆಯ ತಂಪು ಗಾಳಿಯಲ್ಲಿತ್ತು. ಅರ್ಧ ಕಟ್ಟಿದ ಮರದ ದೋಣಿಗಳ ಪಕ್ಕೆಲುಬುಗಳ ನಡುವೆ ಆ ಗಾಳಿ ನುಸುಳಿ ಬರುವಾಗ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ದೇವರು ಏನೋ ಒಳ್ಳೆಯದನ್ನು ಯೋಚಿಸುತ್ತಿದ್ದಾನೆ ಎಂದು ಎಡ್ಮಂಡನಿಗೆ ಅನಿಸಿತು. ಹಣೆಯಿಂದ ಎದೆಗೆ ಶಿಲುಬೆಯ ಗುರುತು ಮಾಡಿಕೊಂಡು ಪಿಕಪ್ಪಿನ ಬಾಗಿಲು ತೆರೆದ.

ಸಾವಿರದ ಒಂಬೈನೂರ ಎಂಬತ್ತೊಂಬತ್ತನೆಯ ಇಸವಿಯ ಫೆಬ್ರವರಿ ಅದು. ಎಡ್ಮಂಡ್ ಶಿರ್ವದ ಕಡೆಯವನು. ದೋಣಿಯ ಎಂಜಿನ್ನುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತ ಒಂಬತ್ತು ವರ್ಷ ಸೂರಿನಲ್ಲಿ ಕಳೆದಿದ್ದ. ಹೆಂಡತಿ ಉರ್ಸುಲಾ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ಪಿಕಪ್ಪು ಉಳ್ಳಾಲದ ಹಾಜಬ್ಬರದು. ಸೂಕಿನಲ್ಲಿ, ಅಂದರೆ ಊರಿನ ಪೇಟೆಯಲ್ಲಿ, ಅವರದೊಂದು ಚಾದಂಗಡಿ. ಗಲ್ಫಿಗೆ ಬರುವ ಮೊದಲು ಹಾಜಬ್ಬರು ಮಂಗಳೂರಿನ ಧಕ್ಕೆಯಲ್ಲಿ ಮೀನಿನ ಏಲಂ ಕೂಗುತ್ತಿದ್ದವರು. ಅವರು ಮೆಲ್ಲಗೆ ಮಾತಾಡಿದರೂ ಎರಡು ಮನೆಗೆ ಕೇಳಿಸುತ್ತಿತ್ತು.

ಇಬ್ಬರ ನಡುವೆ ಕೂತವರು ಮುಹಮ್ಮದ್. ಸ್ವಂತ ದೋಣಿ ಇಟ್ಟುಕೊಂಡ ಒಮಾನಿ ಮುದುಕರು. ಹಾಯಿಯ ಕಾಲದಲ್ಲಿ ಖರ್ಜೂರ ಹೇರಿಕೊಂಡು ಮಂಗಳೂರಿಗೆ ಹೋಗಿ ಹಂಚು ತಂದವರು. ಆ ಋಣಕ್ಕೋ ಏನೋ, ಎಡ್ಮಂಡನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಮಂಜಲೂರಿ" ಎಂದೇ ಕರೆಯುವುದು. ಅರಬಿಗೆ ಬಂದರಿನ ಹಿಂದಿ ಬೆರೆಸಿ ಆಡುವ ಅವರ ಮಾತು ಎಡ್ಮಂಡನಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಹೊರಟದ್ದು ಸಿನಾವ್ ಸಂತೆಗೆ, ಒಂದು ಕೋವಿ ಕೊಳ್ಳಲು.

"ಪೊರ್ಬುಗಳೇ," ಎಂದರು ಹಾಜಬ್ಬ, ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, ಗೇರು ಬದಲಿಸುತ್ತ, "ನೀವು ಲೇತ್ ಹಿಡಿದವರು, ನಾನು ಚಾ ಸೋಸುವವ. ಕೋವಿ ಸಂತೆಯಲ್ಲಿ ನಮಗೆ ಎಂತ ಕೆಲಸ ಮಾರಾಯ್ರೆ? ಪೊಲೀಸರು ಹಿಡಿದರೆ?"

"ಪರ್ಮಿಟ್ ಇವರ ಹೆಸರಲ್ಲಿ ಉಂಟಲ್ಲ ಬ್ಯಾರಿಗಳೇ. ನಾವು ಬರೀ ನೋಡ್ಲಿಕ್ಕೆ."

"ನೋಡ್ಲಿಕ್ಕೆ ಹೋದವರನ್ನೇ ಮೊದಲು ಹಿಡಿಯುದು."

ಮುಹಮ್ಮದರಿಗೆ ಕನ್ನಡ ಅರ್ಥವಾಗದಿದ್ದರೂ ನಗು ಅರ್ಥವಾಯಿತು. ಅವರೂ ನಕ್ಕರು.

ದಾರಿಯಲ್ಲಿ ಒಂದು ವಾದಿ ಸಿಗುತ್ತದೆ. ವಾದಿ ಎಂದರೆ ಅಲ್ಲಿಯ ಒಣಹೊಳೆ. ವರ್ಷವಿಡೀ ಬರೀ ಕಲ್ಲು, ಬೆಟ್ಟದಲ್ಲಿ ಮಳೆ ಬಿದ್ದ ದಿನ ಮಾತ್ರ ನೀರು. ಅದನ್ನು ದಾಟಿದ ಮೇಲೆ ಬಲಕ್ಕೆ ಖರ್ಜೂರದ ತೋಟಗಳಿರುವ ಒಂದು ಹಳ್ಳಿ. ಆ ಹಳ್ಳಿ ಹತ್ತಿರವಾದಾಗ ಮುಹಮ್ಮದರು ಮುಖವನ್ನು ಎಡಕ್ಕೆ ತಿರುಗಿಸಿ, ಏನೂ ಇಲ್ಲದ ಮರಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಹಳ್ಳಿ ಹಿಂದೆ ಬಿದ್ದ ಮೇಲೆ ಮುಖ ನೆಟ್ಟಗಾಯಿತು.

"ಅಲ್ಲಿ ಖಲ್ಫಾನ್ ಇದ್ದಾನೆ," ಎಂದಷ್ಟೇ ಹೇಳಿದರು.

ಖಲ್ಫಾನರ ಕಥೆ ಸೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯರು ಅವರಿಬ್ಬರು. ಹನ್ನೆರಡು ವರ್ಷದ ಹಿಂದೆ ಮುಹಮ್ಮದರ ಹಿರಿಯ ಮಗನ ಮದುವೆಯಾಯಿತು. ಆ ಸೀಮೆಯ ಮದುವೆಯಲ್ಲಿ ಗಂಡಸರು ಎದುರುಬದುರು ಸಾಲು ಕಟ್ಟಿ, ಡೋಲಿನ ತಾಳಕ್ಕೆ ಹೆಜ್ಜೆ ಹಾಕುತ್ತ, ಆಕಾಶಕ್ಕೆ ಈಡು ಹಾರಿಸುತ್ತಾರೆ. ವರನ ತಂದೆಯ ಕೋವಿ ಮೊದಲು ಮಾತಾಡಬೇಕು. ಮುಹಮ್ಮದರು ಕೋವಿ ಎತ್ತಿದರು. ಕೋವಿ 'ಟಿಕ್' ಎಂದಿತು. ಮತ್ತೊಂದು ತೋಟೆ ಹಾಕಿದರು. ಮತ್ತೆ 'ಟಿಕ್'. ಎದುರು ಸಾಲಿನಲ್ಲಿದ್ದ ಖಲ್ಫಾನ್ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು. ಅದೇ ವಾರ ಮುಹಮ್ಮದರು ಕೋವಿಯನ್ನು ದಾರಿಯಲ್ಲಿ ಹೋಗುವ ಒಬ್ಬ ಬದು ಅಲೆಮಾರಿಗೆ ಮಾರಿದರು. ಖಲ್ಫಾನರ ಜೊತೆ ಮಾತೂ ಅಲ್ಲಿಗೆ ಖಲಾಸ್.

ಕೋಪದಲ್ಲಿ ಮಾರಿದ್ದು ಮನಸ್ಸಿನಿಂದ ಹೋಗಲಿಲ್ಲ. ಕಿರಿಯ ಮಗನಿಗೆ ಮೀಸೆ ಚಿಗುರಿದಂದಿನಿಂದ ಮುಹಮ್ಮದರು ಗುರುವಾರ ಬಂತೆಂದರೆ ಸಂತೆಗೆ ಹೋಗಿ ಅದೇ ಕೋವಿಯನ್ನು ಹುಡುಕುತ್ತಿದ್ದರು. ಈಗ ಆ ಮಗನ ಮದುವೆಗೆ ಒಂದೇ ವಾರ ಉಳಿದಿತ್ತು. ಹೋದ ಗುರುವಾರ ದೂರದಿಂದ ಒಂದನ್ನು ಕಂಡು ಅನುಮಾನ ಬಂದಿತ್ತು. ಹತ್ತಿರ ಹೋಗುವಷ್ಟರಲ್ಲಿ ಸಂತೆ ಎದ್ದಿತ್ತು. ಅದಕ್ಕೇ ಈ ಸಲ ಕಬ್ಬಿಣ ಬಲ್ಲವನನ್ನು ಕರೆದುಕೊಂಡು ಹೊರಟಿದ್ದರು.

ಸಿನಾವ್ ಸಂತೆಯಲ್ಲಿ ಕೋವಿ ಮಾರುವವರು ಅಂಗಡಿ ಹಾಕುವುದಿಲ್ಲ. ಹೆಗಲಿಗೆ ಕೋವಿ ಏರಿಸಿ, ಆಡು ಒಂಟೆಗಳ ನಡುವೆ ಸುತ್ತು ಹೊಡೆಯುತ್ತ ಬೆಲೆ ಕೂಗುತ್ತಾರೆ. ಬಿಳಿಯರ ಪಡೆ ಉಪಯೋಗಿಸಿ, ಆಮೇಲೆ ಇಲ್ಲಿನ ಪಡೆಗೆ ಬಂದು, ಹೊಸ ಕೋವಿಗಳು ಬಂದಾಗ ಊರೂರಿಗೆ ಹಂಚಿಹೋದ ಹಳೆಯ ಪಟಾಲಮ್ಮಿನ ಮಾಲೇ ಬಹಳ. ಮುಹಮ್ಮದರು ಪ್ರತಿಯೊಬ್ಬನನ್ನೂ ನಿಲ್ಲಿಸಿದರು. ಕೋವಿಯನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ಹಿಂಬದಿಯ ಮರದ ಕೆಳಗೆ ಹೆಬ್ಬೆರಳು ಓಡಿಸಿ, ತಲೆಯಾಡಿಸಿ ಮುಂದೆ ಕಳಿಸುತ್ತಿದ್ದರು.

ಹದಿನಾಲ್ಕನೆಯದೋ ಹದಿನೈದನೆಯದೋ. ಹೆಬ್ಬೆರಳು ನಿಂತಿತು.

"ಒಂದು, ಎರಡು, ಮೂರು," ಎಂದರು ಮುದುಕರು. ಎಡ್ಮಂಡನ ಕೈ ಹಿಡಿದು ಅಲ್ಲಿಗೆ ಮುಟ್ಟಿಸಿದರು. ಚೂರಿಯಿಂದ ಗೀರಿದ ಮೂರು ಕಚ್ಚುಗಳು. ಮೊದಲ ಎರಡು ನೇರ, ಮೂರನೆಯದು ಓರೆ. "ಮಕ್ಕಳು ಹುಟ್ಟಿದಾಗ ಹಾಕಿದ್ದು, ಮಂಜಲೂರಿ. ಮೂರನೆಯವನು ಹುಟ್ಟಿದ ಸುದ್ದಿ ಬಂದಾಗ ಕೈ ನಡುಗಿ ಚೂರಿ ಜಾರಿತು. ನೋಡು." ಅವರ ಎಡ ಹೆಬ್ಬೆರಳಿನ ಮೇಲೆ ಅಷ್ಟೇ ಓರೆಯಾದ ಹಳೆಯ ಗಾಯದ ಗೆರೆ ಇತ್ತು. "ಆ ಮೂರನೆಯವನದೇ ಈ ಮದುವೆ."

ಮಾರುವವನು ಕೇಳಿದ ಬೆಲೆಗೆ ಅವರು ಚೌಕಾಸಿ ಮಾಡಲೇ ಇಲ್ಲ. ಹಾಜಬ್ಬರು ತಲೆ ಮೇಲೆ ಕೈ ಹೊತ್ತುಕೊಂಡರು. "ಒಂದು ಸಲ ಆದರೂ ಮೂಗು ಮುರಿಯಬೇಕಲ್ಲ ಮಾರಾಯ್ರೆ! ತುಕ್ಕು ಹಿಡಿದ ಸಾಮಾನಿಗೆ ಮುತ್ತಿನ ಬೆಲೆ ಕೊಡುತ್ತಾರಲ್ಲ ಇವರು!"

ತುಕ್ಕಂತೂ ನಿಜ. ಬೋಲ್ಟು ಅಲುಗುತ್ತಿರಲಿಲ್ಲ. ನಳಿಗೆಯ ಬಾಯಲ್ಲಿ ಯಾವುದೋ ಹುಳ ಗೂಡು ಕಟ್ಟಿತ್ತು.

"ಇದು ಮಾತಾಡಬೇಕು," ಎಂದರು ಮುಹಮ್ಮದ್. "ಬರುವ ಗುರುವಾರ, ಊರೆಲ್ಲ ನಿಂತಿರುವಾಗ."

"ಪ್ರಯತ್ನ ಮಾಡುವ," ಎಂದ ಎಡ್ಮಂಡ್.

ಶುಕ್ರವಾರ ರಜೆ. ಉರ್ಸುಲಾ ಡ್ಯೂಟಿ ಮುಗಿಸಿ ಬಂದಾಗ ಅಡಿಗೆಮನೆಯ ನೆಲದ ಮೇಲೆ ಹಳೆ ಚಾಪೆ, ಚಾಪೆಯ ಮೇಲೆ ಕೋವಿ, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಕುದಿಯುವ ನೀರು.

"ಸಾಯ್ಬಾ ಭೊಗೊಸ್, ದೇವರೇ! ಎಂತ ಇದು? ಅಕ್ಕಿಗೆ ನೀರಿಟ್ಟಿದ್ದೀರಿ ಅಂತ ಸಂತೋಷಪಟ್ಟೆ."

"ಕೋವಿಗೆ ಸ್ನಾನ. ಆ ಆಲಿಕೆ ಸ್ವಲ್ಪ ಹಿಡಿ."

"ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನಗೆ ಒಂದು ದಿನ ಬಿಸಿನೀರು ಕಾಯಿಸಿ ಕೊಟ್ಟದ್ದಿಲ್ಲ," ಎನ್ನುತ್ತಲೇ ಅವಳು ಆಲಿಕೆ ಹಿಡಿದಳು.

ಎಡ್ಮಂಡನಿಗೆ ಈ ಕೆಲಸ ಕಲಿಸಿದವನು ಅವನ ಅಪ್ಪ. ಗದ್ದೆಗೆ ಹಂದಿ ಬರುತ್ತದೆಂದು ಅಪ್ಪನಿಗೆ ಲೈಸೆನ್ಸಿನ ಒಂದು ಕೇಪಿನ ಕೋವಿ ಇತ್ತು. ತೆನೆಹಬ್ಬದ ಮುಂಚಿನ ಶನಿವಾರ ಅದನ್ನು ಬಿಚ್ಚಿ ತೊಳೆಯುವುದು ಮನೆಯ ಪದ್ಧತಿ. ಮೊದಲು ಕುದಿಯುವ ನೀರು, ಆಮೇಲೆ ದಾರಕ್ಕೆ ಕಟ್ಟಿದ ಬಟ್ಟೆ, ಆಮೇಲೆ ಎಣ್ಣೆ. ಅಪ್ಪ ತೀರಿಕೊಂಡಾಗ ಎಡ್ಮಂಡ್ ಇಲ್ಲಿದ್ದ. ಲೈಸೆನ್ಸು ಅವನ ಹೆಸರಿಗೆ ಬದಲಾಗಲಿಲ್ಲ, ಕೋವಿ ಠಾಣೆ ಸೇರಿತು. ಅಲ್ಲಿ ಯಾರು ಅದಕ್ಕೆ ಬಿಸಿನೀರು ಹೊಯ್ಯುತ್ತಾರೆ? ಈ ಪರದೇಶದ ಕೋವಿಯ ಮೇಲೆ ಕೈಯಿಡುವಾಗ ಅವನ ಬೆರಳುಗಳಿಗೆ ಆ ಇನ್ನೊಂದು ನೆನಪಾಗುತ್ತಿತ್ತು. ಆದರೆ ಅದು ನೋವಿನ ನೆನಪಾಗಿರಲಿಲ್ಲ. ಅಪ್ಪ ಹಿಂದೆ ನಿಂತು, "ಮೆಲ್ಲ, ಮೆಲ್ಲ, ಅದಕ್ಕೂ ಜೀವ ಉಂಟು," ಎನ್ನುತ್ತಿದ್ದ ಹಾಗಿತ್ತು.

ನಾಲ್ಕು ದಿನ ಹಿಡಿಯಿತು. ಬೋಲ್ಟಿನ ಸುತ್ತ ಸೀಮೆಎಣ್ಣೆ ಬಿಟ್ಟು ಎರಡು ದಿನ ಕಾದ. ಪಟಾಲಮ್ಮಿನ ಕಾಲದ ಗ್ರೀಸು ಮರಳು ಕುಡಿದು ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಬಿದಿರಿನ ಚೂರಿನಿಂದ ಕೆರೆದ, ಕಬ್ಬಿಣ ತಾಗಿಸಲಿಲ್ಲ. ನಳಿಗೆಯೊಳಗೆ ಎಳೆದ ಮೊದಲ ಬಟ್ಟೆ ಕಪ್ಪಾಗಿ ಬಂತು, ಹತ್ತನೆಯದು ಕಂದಾಗಿ, ಮೂವತ್ತನೆಯದು ಬರೀ ಒದ್ದೆಯಾಗಿ. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಸುರುಳಿ ಗೀರುಗಳು ಹೊಸ ಶಂಖದ ಹಾಗೆ ಹೊಳೆಯುತ್ತಿದ್ದವು. ಹಿಂಬದಿಯ ಮರದ ತುದಿಯಲ್ಲಿ ಹಿತ್ತಾಳೆಯ ಸಣ್ಣ ಮುಚ್ಚಳ ಸಿಕ್ಕಿತು. ತೆರೆದರೆ ಅದರೊಳಗೆ ಯಾವನೋ ಸಿಪಾಯಿಯ ಎಣ್ಣೆಯ ಕುಪ್ಪಿ, ತಳದಲ್ಲಿ ಇನ್ನೂ ಒಂದು ಹನಿ.

ಮರಕ್ಕೆ ಹಚ್ಚಲು ಎಣ್ಣೆ ಬೇಕಾಯಿತು. ಉರ್ಸುಲಾಳ ತಲೆಗೆಂದು ಊರಿನಿಂದ ಬಂದ ತೆಂಗಿನೆಣ್ಣೆಯ ಬಾಟಲಿ ಅವನ ಕಣ್ಣಿಗೆ ಬಿತ್ತು.

"ಮುಟ್ಟಿ ನೋಡಿ," ಎಂದಳು ಉರ್ಸುಲಾ.

"ಬರೀ ಎರಡು ಚಮಚ."

"ನನ್ನ ಕೂದಲು ಉದುರಿದರೆ ಆ ಕೋವಿಯ ಜೊತೆ ಸಂಸಾರ ಮಾಡಿ." ಸ್ವಲ್ಪ ಹೊತ್ತು ಕಳೆದು, ತಾನೇ ಹಳೆಯ ಸೀರೆಯ ಚೂರು ತಂದು ಮರಕ್ಕೆ ಎಣ್ಣೆ ತಿಕ್ಕತೊಡಗಿದಳು. ಮೂರು ಕಚ್ಚುಗಳ ಹತ್ತಿರ ಬಂದಾಗ ಅವಳ ಕೈ ಮೆತ್ತಗಾಯಿತು.

ಸೋಮವಾರ ಸಂಜೆ ಹಾಜಬ್ಬರು ಚಾ ಹಿಡಿದುಕೊಂಡು ನೋಡಲು ಬಂದರು. ತುಕ್ಕು ಹೋದ ಉಕ್ಕಿನ ಮೇಲೆ ಅಕ್ಷರಗಳು ಮೂಡಿದ್ದವು. ಒಂದು ಕಿರೀಟ, ಅದರ ಕೆಳಗೆ ಇಷಾಪುರ ಎಂದು ಇಂಗ್ಲಿಷಿನಲ್ಲಿ, ಆಮೇಲೆ 1942.

"ಇಷಾಪುರ ಅಂದರೆ ಕಲ್ಕತ್ತದ ಹತ್ತಿರ ಅಲ್ವಾ?" ಎಂದರು ಹಾಜಬ್ಬ. "ಅಯ್ಯೋ, ಇದೂ ಇಂಡಿಯಾದ್ದೇ! ನಮಗಿಂತ ಮೊದಲೇ ಗಲ್ಫಿಗೆ ಬಂದು ಕೂತಿದೆ. ಇದರ ಕಫೀಲ್, ವೀಸಾ ಕೊಟ್ಟ ಧಣಿ, ಯಾರು ಪೊರ್ಬುಗಳೇ? ರಜೆ ಸಿಕ್ಕಿದೆಯಾ ಒಮ್ಮೆಯಾದರೂ?"

ಎಡ್ಮಂಡ್ ನಗಲಿಲ್ಲ. ಅವನು ಬೋಲ್ಟನ್ನು ಹಿಡಿದು ಕೂತಿದ್ದ. ಬೋಲ್ಟೆಂದರೆ ಗೇಣುದ್ದದ ಉಕ್ಕಿನ ತುಂಡು. ಹಿಂದಕ್ಕೆ ಎಳೆದರೆ ಕೋವಿ ಬಾಯಿ ತೆರೆಯುತ್ತದೆ, ಮುಂದಕ್ಕೆ ತಳ್ಳಿದರೆ ಮುಚ್ಚುತ್ತದೆ. ತೋಟೆಯ ಬೆನ್ನಿಗೆ ಕುಟ್ಟುವ ಸೂಜಿ ಇರುವುದು ಅದರೊಳಗೆ. ಕಾರ್ಖಾನೆಯಲ್ಲಿ ಒಂದೊಂದು ಕೋವಿಗೂ ಅದರದೇ ಬೋಲ್ಟನ್ನು ಅರೆದು ಕೂರಿಸಿ, ಎರಡಕ್ಕೂ ಒಂದೇ ನಂಬರು ಒತ್ತುತ್ತಾರೆ.

"ಕೋವಿಯ ಮೈಮೇಲೆ 8306," ಎಂದ ಎಡ್ಮಂಡ್. "ಬೋಲ್ಟಿನ ಮೇಲೆ 2214. ಇದು ಇದರದ್ದಲ್ಲ ಬ್ಯಾರಿಗಳೇ."

"ಕೂತುಕೊಳ್ಳುತ್ತದಲ್ಲ?"

"ಕೂತುಕೊಳ್ಳುತ್ತದೆ. ಆದರೆ ಉಗುರಿನಷ್ಟು ಸಂದು ಉಳಿಯುತ್ತದೆ. ಸೂಜಿ ಮುಟ್ಟುವುದಿಲ್ಲ. ಅದಕ್ಕೇ ಟಿಕ್. ಯಾವತ್ತಾದರೂ ಮುಟ್ಟಿದರೆ ಹಿಡಿದವರ ಮುಖಕ್ಕೇ ಸಿಡಿದೀತು. ಇದನ್ನು ನಾನು ಅವರ ಕೈಗೆ ಕೊಡುವ ಹಾಗಿಲ್ಲ."

ಮುಹಮ್ಮದರಿಗೆ ಹೇಳಿದಾಗ ಅವರು ಕೋವಿಯನ್ನು ಕೈಗೆತ್ತಿಕೊಂಡರು. ಕೋವಿಯ ಮರವನ್ನು ಮೂಸಿ ನೋಡಿದರು. "ಮಂಗಳೂರು ಬಂದರಿನ ವಾಸನೆ," ಎಂದರು. ಆಮೇಲೆ, ನಿದ್ದೆಯಿಂದ ಎದ್ದವರ ಹಾಗೆ, ತೊಡೆಯ ಮೇಲೆ ಕೈ ಬಡಿದರು.

"ಬುಟ್ಟಿ! ಖರ್ಜೂರದ ಬುಟ್ಟಿ!"

ಖಲ್ಫಾನರ ತಂದೆ ಬದುಕಿದ್ದಾಗ ಅವರ ಮನೆಯಲ್ಲೊಂದು ಕಟ್ಟಳೆ ಇತ್ತಂತೆ. ಊಟಕ್ಕೆ ಕೂರುವವರು ಅತಿಥಿಯಾಗಲಿ ಮನೆಯವರಾಗಲಿ, ಕೋವಿಯ ಬೋಲ್ಟು ತೆಗೆದು ಬಾಗಿಲಲ್ಲಿಟ್ಟ ಖರ್ಜೂರದ ಬುಟ್ಟಿಗೆ ಹಾಕಬೇಕು. ಕೋವಿ ಬಾಯಿ ಮುಚ್ಚಿದರೆ ಮನುಷ್ಯ ಬಾಯಿ ತುಂಬ ಉಣ್ಣುತ್ತಾನೆ ಎನ್ನುವುದು ಆ ಹಿರಿಯರ ನಂಬಿಕೆ. ಹನ್ನೆರಡು ವರ್ಷದ ಹಿಂದೆ, ಮುಹಮ್ಮದರ ಹಿರಿಯ ಮಗನ ಮದುವೆಗೆ ತಿಂಗಳಿರುವಾಗ, ಅಲ್ಲೊಂದು ಔತಣ. ಊಟದ ನಡುವೆ ಗುಡುಗಿತು. ವಾದಿ ಬರುತ್ತದೆಂದು ಎಲ್ಲರೂ ಎದ್ದು ಓಡಿದರು. ಕತ್ತಲಲ್ಲಿ ಬುಟ್ಟಿಗೆ ಕೈ ಹಾಕಿ ಸಿಕ್ಕಿದ್ದನ್ನು ಎತ್ತಿಕೊಂಡರು.

"ಕೊನೆಗೆ ಬುಟ್ಟಿಯಲ್ಲಿ ಉಳಿದದ್ದು ಎರಡೇ," ಎಂದರು ಮುಹಮ್ಮದ್. "ಒಂದು ನನ್ನದು. ಇನ್ನೊಂದು..." ಹೆಸರು ಹೇಳಲಿಲ್ಲ.

"ಹಾಗಾದರೆ ನಾಳೆ ಹೋಗಿ ಕೇಳುವ," ಎಂದ ಎಡ್ಮಂಡ್.

"ಅವನು ನಕ್ಕ, ಮಂಜಲೂರಿ."

"ಹೌದು, ನಕ್ಕರು. ನಿಮಗೆ ಗುರುವಾರ ಕೋವಿ ಮಾತಾಡಬೇಕಾ, ಬೇಡವಾ?"

ಮುದುಕರು ಮೂರನೆಯ ಕಚ್ಚಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತರು. "ಯಲ್ಲಾ, ಹೋಗುವ," ಎಂದರು ಕೊನೆಗೆ, ಯಾರಿಗೂ ಕೇಳದಷ್ಟು ಮೆಲ್ಲಗೆ.

ಆ ರಾತ್ರಿ ಬೆಟ್ಟದಲ್ಲಿ ಮಳೆ ಹೊಯ್ಯಿತು. ಮಂಗಳವಾರ ಮಧ್ಯಾಹ್ನ ಅವರು ತಲುಪುವಾಗ ವಾದಿ ಬಂದುಬಿಟ್ಟಿತ್ತು. ಕೆಂಪು ನೀರು ಆನೆಯ ಹಿಂಡಿನ ಹಾಗೆ ನುಗ್ಗುತ್ತಿತ್ತು. ಎರಡು ದಂಡೆಗಳಲ್ಲೂ ಗಾಡಿಗಳ ಸಾಲು. ಆದರೆ ಯಾರಿಗೂ ಬೇಸರವಿರಲಿಲ್ಲ. ಜನ ಇಳಿದು, ಜಮಖಾನ ಹಾಸಿ, ಖಹ್ವಾ ಎಂಬ ಅಲ್ಲಿಯ ಕಾಫಿ ಕುಡಿಯುತ್ತ ನೀರು ನೋಡುತ್ತ ಕೂತಿದ್ದರು. ವರ್ಷಕ್ಕೊಮ್ಮೆ ಬರುವ ನೆಂಟನನ್ನು ಮುಂದಿಟ್ಟುಕೊಂಡು ಕೂತ ಹಾಗೆ.

ಮುಹಮ್ಮದರು ಹಣೆಗೆ ಕೈಯಿಟ್ಟು ಆಚೆ ದಂಡೆ ನೋಡಿದರು. ನೋಡಿದ ಕಡೆಯೇ ನಿಂತರು.

ಆಚೆ, ಒಂದು ಹಸಿರು ಗಾಡಿಯ ಪಕ್ಕದಲ್ಲಿ, ಉದ್ದ ಗಡ್ಡದ ಮುದುಕರೊಬ್ಬರು ಅದೇ ರೀತಿ ಹಣೆಗೆ ಕೈಯಿಟ್ಟು ಈಚೆ ನೋಡುತ್ತಿದ್ದರು. ಸೂರಿನ ಸೂಕಿಗೆಂದು ಹೊರಟ ಖಲ್ಫಾನ್.

ಹನ್ನೆರಡು ವರ್ಷದ ಮೌನದ ನಡುವೆ ಅಷ್ಟು ನೀರು ಹರಿಯುತ್ತಿತ್ತು. ಮುಖ ತಿರುಗಿಸಲು ಮುಹಮ್ಮದರಿಗೆ ಈ ಸಲ ಮರಳು ಸಿಗಲಿಲ್ಲ. ಸುತ್ತ ಜನ ನೋಡುತ್ತಿದ್ದರು. ಆ ನಾಡಿನಲ್ಲಿ ಎದುರಾದವನಿಗೆ ಸಲಾಂ ಹೇಳಿ ಸುದ್ದಿ ಕೇಳದೆ ಇರುವಂತಿಲ್ಲ. ಬೇರೆ ಮಾತೇನಿದ್ದರೂ ಅದಾದ ಮೇಲೆ. ಅವರು ಹಾಜಬ್ಬರ ಭುಜ ಹಿಡಿದರು. "ನೀನು ಕೂಗು. ನನ್ನ ದನಿ ಹೋಗುವುದಿಲ್ಲ."

ಧಕ್ಕೆ ಬಿಟ್ಟ ಮೇಲೆ ಹಾಜಬ್ಬರಿಗೆ ಇಂಥ ಅವಕಾಶ ಸಿಕ್ಕಿರಲಿಲ್ಲ. ಲುಂಗಿ ಎತ್ತಿ ಕಟ್ಟಿ, ಬಂಡೆ ಹತ್ತಿ, ಎರಡು ಕೈ ಬಾಯಿಗಿಟ್ಟರು.

"ಸಲಾಂ ಅಲೈಕುಂ, ಯಾ ಖಲ್ಫಾನ್! ಮುಹಮ್ಮದ್ ಕೇಳುತ್ತಾರೆ, ಏನು ಸುದ್ದಿ?"

ಆಚೆ ಗಡಬಡವಾಯಿತು. ಕೊನೆಗೆ ಉತ್ತರ ಬಂತು: "ವ ಅಲೈಕುಂ ಸಲಾಂ! ಸುದ್ದಿ ಏನಿಲ್ಲ, ಎಲ್ಲ ಒಳ್ಳೆಯದೇ, ಅಲ್ಹಮ್ದುಲಿಲ್ಲಾ! ನಿಮ್ಮದು?"

"ಏನಿಲ್ಲ, ಎಲ್ಲ ಒಳ್ಳೆಯದೇ! ಮನೆಯವರು?"

"ಒಳ್ಳೆಯವರಿದ್ದಾರೆ! ಮಕ್ಕಳು?"

"ಒಳ್ಳೆಯವರಿದ್ದಾರೆ! ಆಡುಗಳು?"

ಹೀಗೆ ಆಡು, ಒಂಟೆ, ತೋಟ, ದೋಣಿ ಎಲ್ಲ ಆಯಿತು. ಎರಡು ದಂಡೆಯ ಜನ ಖಹ್ವಾ ಬಿಟ್ಟು ಕೇಳುತ್ತಿದ್ದರು. ಮುಹಮ್ಮದರು ಗಂಟಲು ಸರಿಮಾಡಿಕೊಂಡು ಹಾಜಬ್ಬರ ಕಿವಿಯಲ್ಲಿ ಹೇಳಿದರು: "ಆ ನಗುವ ಕತ್ತೆಗೆ ಕೇಳು, ಅವನ ಕೋವಿ ಹೇಗಿದೆ ಅಂತ."

"ನಿಮ್ಮ ಪ್ರೀತಿಯ ಗೆಳೆಯರು ಕೇಳುತ್ತಾರೆ," ಎಂದು ಕೂಗಿದರು ಹಾಜಬ್ಬ, "ನಿಮ್ಮ ಕೋವಿ ಕ್ಷೇಮವಾ?"

ಎಡ್ಮಂಡ್ ನಗು ತಡೆಯಲು ತುಟಿ ಕಚ್ಚಿಕೊಂಡ.

ಖಲ್ಫಾನ್ ನೆಲ ನೋಡಿದರು, ಆಕಾಶ ನೋಡಿದರು. ನೀರು ಮಾತ್ರ ಮಾತಾಡುತ್ತಿತ್ತು. ಆಮೇಲೆ ಅವರು ಕೈಗಳನ್ನು ಬಾಯಿಗಿಟ್ಟು ತಾವೇ ಕೂಗಿದರು. ಆ ಸಣ್ಣ ಮುದಿದನಿ ನೀರಿನ ಮೇಲೆ ಹಾರಿ ಬಂತು:

"ಅದೂ ಟಿಕ್ ಅನ್ನುತ್ತದೆ!"

ಎರಡು ದಂಡೆಗಳೂ ಒಟ್ಟಿಗೆ ನಕ್ಕವು. ಮುಹಮ್ಮದರು ಬಂಡೆಗೆ ಒರಗಿ, ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆಚೆ ಖಲ್ಫಾನರೂ ಹೊಟ್ಟೆ ಹಿಡಿದುಕೊಂಡಿದ್ದರು, ಹನ್ನೆರಡು ವರ್ಷದ ಹಿಂದಿನ ಹಾಗೆಯೇ. "ಆ ಮದುವೆಯ ಮಾರನೆಯ ವಾರ ಹಾರಿಸಲು ಹೋಗಿ ಗೊತ್ತಾಯಿತು!" ಎಂದು ಕೂಗಿದರು. "ಯಾರಿಗೂ ಹೇಳಲಿಲ್ಲ! ಹೇಗೆ ಹೇಳಲಿ? ನಾನು ನಕ್ಕವನು!"

ಬುಟ್ಟಿಯಲ್ಲಿ ಬೋಲ್ಟು ಅದಲುಬದಲಾದ ಕಥೆಯನ್ನು ಹಾಜಬ್ಬರು ಕೂಗಿ ತಿಳಿಸಿದರು. ಆದರೆ ನಂಬರು ತಿಳಿಸುವುದೇ ದೊಡ್ಡ ಕೆಲಸವಾಯಿತು. ಉಕ್ಕಿನ ಮೇಲಿದ್ದದ್ದು ಇಂಗ್ಲಿಷ್ ಅಂಕಿ. ಖಲ್ಫಾನರಿಗೆ ಅರಬಿಯದು ಬಿಟ್ಟರೆ ಬೇರೆ ಬಾರದು. ಎಡ್ಮಂಡ್ ಒಂದೊಂದೇ ಅಂಕಿಯನ್ನು ಒದ್ದೆ ಮರಳಲ್ಲಿ ಬರೆದ, ಹಾಜಬ್ಬರು ಅದರ ಚಹರೆ ಕೂಗಿದರು. "ಒಂದರ ಮೇಲೊಂದು ಕೂತ ಎರಡು ಖಹ್ವಾ ಕಪ್ಪು! ಆಮೇಲೆ ಎದ್ದು ನಿಂತ ಕಡಲಹಕ್ಕಿ! ಆಮೇಲೆ ಬಳೆ! ಕೊನೆಗೆ ಮೀನಿನ ಗಾಳ!" ಖಲ್ಫಾನ್ ಕೂತು, ಬೆರಳಿನಿಂದ ಅಲ್ಲಿಯ ಮರಳಲ್ಲಿ ಬರೆದುಕೊಂಡು, ನಾಲ್ಕು ಸಲ ತಿರುಗಿ ಹೇಳಿ ಒಪ್ಪಿಸಿದರು.

"ಗುರುವಾರ ಮದುವೆ!" ಎಂದು ಈ ಸಲ ಮುಹಮ್ಮದರೇ ಕೂಗಿದರು. ದನಿ ಹೋಯಿತೋ ಇಲ್ಲವೋ ತಿಳಿಯಲಿಲ್ಲ.

"ವಾದಿ ಬಿಟ್ಟರೆ!" ಎಂದು ಉತ್ತರ ಬಂತು.

ವಾದಿ ಬಿಡಲಿಲ್ಲ. ಬುಧವಾರ ಮತ್ತೆ ಮಳೆ. ಗುರುವಾರ ಬೆಳಿಗ್ಗೆ ಬಿಸಿಲು ಬಂದರೂ ದಾರಿ ತೆರೆದಿಲ್ಲವೆಂದು ಸುದ್ದಿ. ಎಡ್ಮಂಡ್ ಮನೆಯ ಸಣ್ಣ ಪೀಠದ ಮುಂದೆ ಮೊಣಕಾಲೂರಿ ಒಂದು ಜಪಮಾಲೆ ಮುಗಿಸಿದ.

"ಕೋವಿಗೋಸ್ಕರವಾ?" ಎಂದಳು ಉರ್ಸುಲಾ.

"ಮುದುಕರಿಗೋಸ್ಕರ."

"ನಾನೂ ಒಂದು ಹೇಳಿದ್ದೇನೆ, ನಿನ್ನೆಯೇ," ಎಂದು ಅವಳು ಒಳ್ಳೆಯ ಸೀರೆ ತೆಗೆಯಲು ಹೋದಳು.

ಮಧ್ಯಾಹ್ನ ಇಳಿದು ಅಸರ್ ನಮಾಜಿನ ಹೊತ್ತಿಗೆ ಮುಹಮ್ಮದರ ಮನೆಯೆದುರು ಜನ ಸೇರಿತು. ಡೋಲುಗಳನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಿದ್ದರು. ಮುಹಮ್ಮದರು ದಿಶ್ದಾಶಾ ಎಂಬ ಬಿಳಿ ನಿಲುವಂಗಿ ತೊಟ್ಟು, ಸೊಂಟಕ್ಕೆ ಬೆಳ್ಳಿಯ ಬಾಕು, ಖಂಜರ್, ಕಟ್ಟಿ, ಕೋವಿ ಹಿಡಿದು ನಿಂತಿದ್ದರು. ಕೋವಿ ಎಷ್ಟು ಹೊಳೆಯುತ್ತಿತ್ತೆಂದರೆ ಮುಟ್ಟಿ ನೋಡದ ನೆಂಟನಿರಲಿಲ್ಲ. ಮುದುಕರು ಎಲ್ಲರಿಗೂ ನಗುತ್ತಿದ್ದರು. ಕಣ್ಣು ಮಾತ್ರ ರಸ್ತೆಯ ಮೇಲಿತ್ತು. ತೋಟೆಗಳನ್ನು ಎಡ್ಮಂಡ್ ತಾನೇ ಗುಂಡು ತೆಗೆದು, ಬರೀ ಮದ್ದು ಉಳಿಸಿ, ಜೇಬಿನಲ್ಲಿಟ್ಟುಕೊಂಡಿದ್ದ. ಸರಿಯಾದ ಬೋಲ್ಟು ಬಾರದೆ ಒಂದನ್ನೂ ಕೊಡುವುದಿಲ್ಲವೆಂದು ಹೇಳಿದ್ದ. ಮುದುಕರು ವಾದ ಮಾಡಿರಲಿಲ್ಲ. ಡೋಲು ಶುರುವಾದರೆ ಬೇರೆಯವರು ಮೊದಲ ಈಡು ಹಾರಿಸಲಿ, ತಾನು ಸುಮ್ಮನೆ ಹಿಡಿದು ಕುಣಿಯುತ್ತೇನೆ ಎಂದಿದ್ದರು.

ಖಹ್ವಾ ಹಂಚುವ ಕಡೆ ನಿಂತಿದ್ದ ಎಡ್ಮಂಡನ ತೋಳನ್ನು ಯಾರೋ ಹಿಂದಿನಿಂದ ಮುಟ್ಟಿದರು.

ತಿರುಗಿದರೆ ಉದ್ದ ಗಡ್ಡದ ಮುದುಕರು. ಎದೆಯವರೆಗೆ ಒದ್ದೆ. ತಲೆಯ ರುಮಾಲು ಮಾತ್ರ ಒಣಗಿತ್ತು. ದಾರಿ ಬಿಡದ್ದಕ್ಕೆ ಮೇಲೆ ಹೊಳೆ ಕಿರಿದಾಗುವ ಕಲ್ಲುಗಂಡಿಯವರೆಗೆ ನಡೆದು, ಕೋವಿಯನ್ನು ತಲೆ ಮೇಲೆ ಹೊತ್ತು ವಾದಿ ದಾಟಿದ್ದರು. ಹೆಗಲಲ್ಲಿದ್ದ ಆ ಕೋವಿಗೆ ಬೋಲ್ಟಿರಲಿಲ್ಲ. ಅದು ರುಮಾಲಿನ ಮಡಿಕೆಯಲ್ಲಿತ್ತು. ಅದನ್ನು ಬಿಚ್ಚಿ, ಜನರ ಕಣ್ಣಿಗೆ ಬೀಳದ ಹಾಗೆ, ಎಡ್ಮಂಡನ ಕೈಗೆ ಜಾರಿಸಿದರು.

"ಕಪ್ಪು, ಹಕ್ಕಿ, ಬಳೆ, ಗಾಳ," ಎಂದು ಪಿಸುಗುಟ್ಟಿದರು. "ಸರಿಯಾ?"

8306. ಎಡ್ಮಂಡ್ ಅಂಕಿಗಳ ಮೇಲೆ ಬೆರಳು ಓಡಿಸಿ ತಲೆಯಾಡಿಸಿದ.

ಮುಹಮ್ಮದರನ್ನು ಮನೆಯ ಒಳಕೋಣೆಗೆ ಕರೆದೊಯ್ದು, ಅವನು ಹಳೆಯ ಬೋಲ್ಟು ತೆಗೆದು, ಒರೆಸಿ, ಉರ್ಸುಲಾಳ ಸೀರೆಯ ಚೂರಿನಲ್ಲಿ ಸುತ್ತಿ ಅವರ ಕೈಗಿಟ್ಟ. ಅವರು ಅದನ್ನು ಖಂಜರಿನ ಪಟ್ಟಿಯೊಳಗೆ ಸಿಕ್ಕಿಸಿಕೊಂಡರು. ಖಲ್ಫಾನ್ ತಂದದ್ದಕ್ಕೆ ಎಣ್ಣೆ ಮುಟ್ಟಿಸಿ ಕೋವಿಯೊಳಗೆ ತಳ್ಳಿದ. ಹನ್ನೆರಡು ವರ್ಷ ಬೇರೆ ಮನೆಯಲ್ಲಿದ್ದು ಬಂದ ಉಕ್ಕು ತನ್ನ ಜಾಗಕ್ಕೆ ಒಂದೇ ಉಸಿರಿಗೆ ಹೋಗಿ ಕೂತಿತು. ಸಂದಿಗೆ ತಗಡಿನ ಎಳೆ ಹಾಕಿ ನೋಡಿದ. ಹೋಗಲಿಲ್ಲ. ಮೊದಲ ತೋಟೆ ಜೇಬಿನಿಂದ ಹೊರಗೆ ಬಂತು.

ಡೋಲು ಎದ್ದಿತು. ಸಾಲುಗಳು ಎದುರುಬದುರಾದವು. ವರನ ತಂದೆ ಮುಂದೆ ಬಂದು, ಕೋವಿಯನ್ನು ಆಕಾಶಕ್ಕೆ ಎತ್ತಿದರು. ಎದುರು ಸಾಲಿನ ನಡುವೆ ಒದ್ದೆ ಬಟ್ಟೆಯ ಖಲ್ಫಾನ್, ನಗದೆ, ಉಸಿರು ಬಿಗಿಹಿಡಿದು ನಿಂತಿದ್ದರು.

ಕೋವಿ ಮಾತಾಡಿತು. ಅಳಿವೆಯ ಕಡಲಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಹೆಂಗಸರ ಕಡೆಯಿಂದ ನಾಲಗೆ ಹೊರಳಿಸಿ ಕೂಗುವ ಹರ್ಷದ ದನಿ ಎದ್ದಿತು. ಅದರ ನಡುವೆ ಉರ್ಸುಲಾಳ ದನಿಯೂ ಇತ್ತೆಂದು ಎಡ್ಮಂಡನಿಗೆ ಖಾತ್ರಿ. "ಇಷಾಪುರ!" ಎಂದು ಕೂಗಿದರು ಹಾಜಬ್ಬ. ಅದೇನೆಂದು ತಿಳಿಯದಿದ್ದರೂ ಪಕ್ಕದ ನಾಲ್ಕು ಜನ ಒಮಾನಿಗಳು "ಇಷಾಪುರ!" ಎಂದು ದನಿ ಸೇರಿಸಿದರು. ವರ ಓಡಿಬಂದು ತಂದೆಯ ಹಣೆಗೆ ಮುತ್ತಿಟ್ಟ. ಮುದುಕರು ಎರಡನೆಯ ತೋಟೆಗೆ ಕೈ ಚಾಚಲಿಲ್ಲ. ಒಂದೇ ಸಾಕೆಂಬಂತೆ ಕೋವಿಯನ್ನು ಎದೆಗಾನಿಸಿಕೊಂಡು ಕುಣಿದರು.

ಸಾಲು ಕರಗಿ ಜನ ಊಟಕ್ಕೆ ಕೂರುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ದೊಡ್ಡ ತಟ್ಟೆಗಳಲ್ಲಿ ಅನ್ನ, ಮಾಂಸ. ಒಂದು ತಟ್ಟೆಯ ಪಕ್ಕ ಖಲ್ಫಾನ್ ತನ್ನ ಬಾಯಿಲ್ಲದ ಕೋವಿಯನ್ನು ಮೊಣಕಾಲಿಗೆ ಒರಗಿಸಿ ಕೂತಿದ್ದರು. ಬೇರೆ ಯಾರೂ ಆ ತಟ್ಟೆಗೆ ಕೂರಲಿಲ್ಲ. ಜಾಗ ಯಾರದೆಂದು ಎಲ್ಲರಿಗೂ ತಿಳಿದಿತ್ತು. ಮುಹಮ್ಮದರು ಬಂದು, ಮೊಣಕಾಲು ಮಡಚಿ ಎದುರು ಕೂತರು. ಮುಹಮ್ಮದರು ಖಂಜರಿನ ಪಟ್ಟಿಯೊಳಗಿಂದ ಸೀರೆಯ ಚೂರಿನ ಸಣ್ಣ ಗಂಟು ತೆಗೆದು, ಬಿಚ್ಚಿ, ತೆಂಗಿನೆಣ್ಣೆಯಲ್ಲಿ ಮಿನುಗುತ್ತಿದ್ದ ಬೋಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಗೆಳೆಯನ ಅಂಗೈಯಲ್ಲಿಟ್ಟರು. ಖಲ್ಫಾನ್ ಅದನ್ನು ಒಮ್ಮೆ ಮೂಸಿ ನೋಡಿ, ಮೆಲ್ಲಗೆ ಬೆರಳು ಮಡಚಿದರು.